ಎರಡಿಂಚು ಜಾಸ್ತಿ

ದೀಪಾವಳಿ ಮುಗಿದ ಮೇಲಿನ ಮೊದಲ ಭಾನುವಾರ ದೆಹಲಿಯ ಬಾಲ್ಕನಿಗಳನ್ನು ನೀವು ನೋಡಬೇಕು. ಮನೆಮನೆಯ ಹೊಟ್ಟೆಯೊಳಗಿದ್ದದ್ದೆಲ್ಲ ಹೊರಬಂದು ಕಂಬಿಗಳ ಮೇಲೆ ಜೋತುಬಿದ್ದಿರುತ್ತದೆ. ರಜಾಯಿ, ಕಂಬಳಿ, ಮಂಕಿ ಕ್ಯಾಪು, ಜೊತೆ ತಪ್ಪಿದ ಸಾಕ್ಸು. ನಾವಿರುವ ಇಡೀ ಪೀತಮ್‌ಪುರಕ್ಕೆ ಅವತ್ತು ಡಾಂಬರು ಗುಳಿಗೆಯ ವಾಸನೆ. ನಮ್ಮ ಮನೆಯಲ್ಲಿ ಈ ಕೆಲಸ ಮದುವೆಯಾದಂದಿನಿಂದ ನನ್ನ ಹೆಂಡತಿ ಗಿರಿಜೆಯದು. ಈ ಸಲ ಮಾತ್ರ ಅವಳು ಕುರ್ಚಿಯಲ್ಲಿ ಕೂತು ಬೆರಳು ತೋರಿಸಿದಳು, ನಾನು ಮಂಚದ ಕೆಳಗಿನ ಪೆಟ್ಟಿಗೆಯೊಳಕ್ಕೆ ಅರ್ಧ ಇಳಿದು ಒಂದೊಂದೇ ಎತ್ತಿ ಕೊಟ್ಟೆ.

ಒಂದೊಂದನ್ನೂ ನೋಡಿ ಅವಳು ತೀರ್ಪು ಕೊಡುತ್ತಿದ್ದಳು. ಇದು ಬಿಸಿಲಿಗೆ, ಇದು ಒಗೆಯುವುದಕ್ಕೆ, ಇದು ಮಗಳಿಗೆ. ಅವಳದೇ ಉಣ್ಣೆ ಶಾಲು ಬಂತು. ಹದಿನೈದು ಚಳಿಗಾಲ ಹೊದ್ದ ಶಾಲು. ತೊಡೆಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡು, "ಇದನ್ನ ಕೆಳಗಿನ ಮನೆ ಕಮಲೇಶ್‌ಜಿಗೆ ಕೊಟ್ಬಿಡಿ" ಅಂದಳು. "ಹೆಗಲ ಮೇಲೆ ಹಾಕ್ಕೊಂಡ್ರೆ ಯಾರೋ ಹತ್ತಿ ಕೂತ ಹಾಗಿರುತ್ತೆ. ನನಗ್ಯಾಕೆ ಇನ್ನು?"

ಈ "ನನಗ್ಯಾಕೆ ಇನ್ನು" ಎಂಬ ಮಾತು ನಮ್ಮ ಮನೆಗೆ ಹೊಸದು. ಮಳೆಗಾಲದಲ್ಲಿ ಅವಳಿಗೆ ಹೊಟ್ಟೆಯ ಆಪರೇಷನ್ ಆಯಿತು. ಕಾಯಿಲೆ ಹೋಯಿತು, ಇನ್ನು ಚೆನ್ನಾಗಿ ಉಂಡು ಮೈ ತುಂಬಿಕೊಳ್ಳುವುದಷ್ಟೇ ಬಾಕಿ ಎಂದು ಡಾಕ್ಟರು ಹೇಳಿ ಕಳಿಸಿದರು. ಕಾಯಿಲೆ ಹೋದದ್ದು ನಿಜ. ಆದರೆ ಹೋಗುವಾಗ ಗಿರಿಜೆಯ ಅರ್ಧ ಭಾಗವನ್ನು ಕಟ್ಟಿಕೊಂಡು ಹೋಯಿತು. ಎರಡು ತುತ್ತಿಗೇ ತಟ್ಟೆ ದೂರ ಸರಿಸುತ್ತಿದ್ದಳು. ಹೊಸ ಚಪ್ಪಲಿ ತರೋಣವೇ ಅಂದರೆ ನನಗ್ಯಾಕೆ ಇನ್ನು, ಜನವರಿಯಲ್ಲಿ ದಾವಣಗೆರೆಗೆ ಟಿಕೆಟ್ ಮಾಡಿಸಲೇ ಅಂದರೆ ನನಗ್ಯಾಕೆ ಇನ್ನು. ದಾವಣಗೆರೆ ಅವಳ ತವರು. ತವರಿಗೆ ಬೇಡ ಅನ್ನುವ ಹೆಂಗಸನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಅದಕ್ಕಿಂತ ನನ್ನ ಎದೆಗೆ ತಾಕಿದ್ದು ಅವಳ ರವಿಕೆಗಳು. ಎಲ್ಲವೂ ಸಡಿಲವಾಗಿದ್ದವು. ದಿನಕ್ಕೊಂದರಂತೆ ಬಾಲ್ಕನಿಯ ಬಿಸಿಲಲ್ಲಿ ಕೂತು ಎರಡೂ ಬದಿ ಹೊಲಿಗೆ ಹಾಕಿ ಹಿಡಿಸುತ್ತಿದ್ದಳು. ಅದರಲ್ಲಿ ತಪ್ಪೇನಿದೆ ಎನ್ನುತ್ತೀರಿ. ಆದರೆ ನನಗೆ ಈ ಹೆಂಗಸು ಗೊತ್ತು. ರವಿಕೆ ಹೊಲಿಸುವಾಗೆಲ್ಲ "ಮಾಸ್ಟರ್‌ಜಿ, ಅಂದರ್ ಕಪಡಾ ಛೋಡ್ನಾ" ಎಂದು ದರ್ಜಿಗೆ ಮೂರು ಸಲ ಹೇಳಿ ಬರುತ್ತಿದ್ದವಳು. ಒಳಗೆ ಬಟ್ಟೆ ಬಿಟ್ಟಿದ್ದರೆ ನಾಳೆ ದಪ್ಪಗಾದರೆ ಬಿಚ್ಚಿಕೊಳ್ಳಬಹುದು, ಅದು ಅವಳ ಲೆಕ್ಕಾಚಾರ. ಈಗ ಹೊಲಿಗೆ ಹಾಕಿದ ಮೇಲೆ ಒಳಗೆ ಉಳಿದ ಬಟ್ಟೆಯನ್ನು ಕತ್ತರಿಯಿಂದ ಕಚಕ್ ಎಂದು ಕತ್ತರಿಸಿ ಹಾಕುತ್ತಿದ್ದಳು. "ಒಳಗೆ ಚುಚ್ಚುತ್ತೆ" ಅನ್ನುತ್ತಿದ್ದಳು. ಬಣ್ಣಬಣ್ಣದ ಆ ಪಟ್ಟಿಗಳು ಕಸದ ಬುಟ್ಟಿಯಲ್ಲಿ ತುಂಬಿಕೊಳ್ಳುತ್ತಿದ್ದವು.

ಇರಲಿ. ಹೇಳಹೊರಟದ್ದು ಕನ್ನಡಕದ ಡಬ್ಬಿಯ ವಿಷಯ. ರಜಾಯಿಗಳೆಲ್ಲ ಹೊರಬಿದ್ದ ಮೇಲೆ ಪೆಟ್ಟಿಗೆಯ ತಳದಲ್ಲಿ ಅದು ಸಿಕ್ಕಿತು. ಟಪ್ಪೆಂದು ಮುಚ್ಚಿಕೊಳ್ಳುವ ಹಳೇ ಕಾಲದ ಕಂದು ಡಬ್ಬಿ. ಒಳಗೆ ಕನ್ನಡಕ ಇರಲಿಲ್ಲ, ಉಕ್ಕಿನದೊಂದು ಕಡ್ಡಿ ಇತ್ತು, ಅದರ ತುದಿಯಲ್ಲಿ ಪುಟ್ಟ ಕೊಕ್ಕೆ. ನಮ್ಮಮ್ಮನ ಕ್ರೋಶಾ ಕಡ್ಡಿ.

ಅಪ್ಪನ ಕನ್ನಡಕಕ್ಕೂ ಅಮ್ಮನ ಕಡ್ಡಿಗೂ ಒಂದೇ ಬಣ್ಣದ ಡಬ್ಬಿ ಇದ್ದದ್ದು ನಮ್ಮ ಮನೆಯ ದೊಡ್ಡ ದುರಂತಗಳಲ್ಲಿ ಒಂದು. ಆಗ ನಾವು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಒಂದು ಬೆಳಗ್ಗೆ ಬಸ್ಸು ಹಿಡಿದು ಆಫೀಸಿಗೆ ಹೋಗಿ, ಸಾಹೇಬರ ಮುಂದೆ ಫೈಲು ಬಿಡಿಸಿ, ಗತ್ತಿನಿಂದ ಡಬ್ಬಿ ತೆರೆದು, ಕೊಕ್ಕೆ ಕಡ್ಡಿಯನ್ನು ಕಿವಿಯವರೆಗೂ ಒಯ್ದರಂತೆ. ಸಾಹೇಬರು ಮಾತಾಡದೆ ತಮ್ಮ ಕನ್ನಡಕ ಬಿಚ್ಚಿ ಕೊಟ್ಟರಂತೆ. ಅಪ್ಪ ಸಂಜೆ ಮನೆಗೆ ಬಂದು ಕಿರುಚಾಡಿದರು. ಅಮ್ಮ ಶಾಂತವಾಗಿ, "ಅಯ್ಯೋ, ನಾನೂ ಬೆಳಿಗ್ಗೆಯಿಂದ ಕಡ್ಡಿ ಹುಡುಕಿ ಹುಡುಕಿ ಸಾಕಾದೆ" ಅಂದಳು.

ಅಮ್ಮ ಬಳ್ಳಾರಿಯವಳು. ಬಳ್ಳಾರಿಯಲ್ಲಿ ಬಿಸಿಲು ಮತ್ತು ಕಡುಬಿಸಿಲು ಎಂಬ ಎರಡೇ ಕಾಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಅಲ್ಲಿ ಕ್ರೋಶಾ ಅಂದರೆ ಹತ್ತಿ ದಾರ. ಬಾಗಿಲಿಗೆ ತೋರಣ, ರೇಡಿಯೋಗೆ ಟೋಪಿ, ಚೊಂಬಿಗೆ ಮುಚ್ಚಳ, ಟೀಪಾಯಿಗೆ ಹೊದಿಕೆ. ಎಲ್ಲಕ್ಕೂ ಅನ್ನದ ಗಂಜಿ ಹಾಕಿ ಒಣಗಿಸುವುದು ಕಡ್ಡಾಯ. ಗಂಜಿ ಹಾಕದ ಕ್ರೋಶಾ ಅವಳ ಕಣ್ಣಿಗೆ ಒಗ್ಗರಣೆ ಇಲ್ಲದ ಸಾರು. ದೆಹಲಿಗೆ ಬಂದ ಮೊದಲನೆಯ ಚಳಿಗೆ ಹೆದರಿ, ಪಕ್ಕದ ಮನೆಯವರಿಂದ ಉಲ್ಲನ್ ದಾರ ತರಿಸಿಕೊಂಡು, ತನಗೊಂದು ಶಾಲು ಹೆಣೆದಳು. ತಿಂಗಳಿಡೀ ಕೂತು ಹೂವು ಎಲೆ ಎಲ್ಲ ಹಾಕಿ ಹೆಣೆದದ್ದು. ಮುಗಿದ ಮೇಲೆ, ನೀವು ಊಹಿಸಿದಿರಿ, ಗಂಜಿಗೆ ಅದ್ದಿದಳು.

ಅದು ಒಣಗಿದಾಗ ನಿಂತುಕೊಂಡಿತು. ಉತ್ಪ್ರೇಕ್ಷೆಯಲ್ಲ, ಗೋಡೆಗೆ ಒರಗಿಸಿದರೆ ತಾನಾಗಿ ನಿಲ್ಲುತ್ತಿತ್ತು. ಅಮ್ಮ ಅದನ್ನು ಹೊದ್ದು ಹಾಲಿನ ಬೂತಿಗೆ ಹೋದರೆ ಹಪ್ಪಳ ಮುರಿದಂಥ ಸದ್ದು. ಕ್ವಾರ್ಟರ್ಸಿನ ಪಂಜಾಬಿ ಹೆಂಗಸರು ಮುಟ್ಟಿ ಮುಟ್ಟಿ ನೋಡಿ, ಇದು ಮದ್ರಾಸಿಗಳ ಏನೋ ವಿಶೇಷ ಇರಬೇಕು ಎಂದುಕೊಂಡು ಗೌರವದಿಂದ ಸುಮ್ಮನಿದ್ದರು. ಬಳ್ಳಾರಿಯವರೆಲ್ಲ ಆಗ ದೆಹಲಿಯಲ್ಲಿ ಮದ್ರಾಸಿಗಳೇ. ಕೊನೆಗೆ ಅವರಲ್ಲೊಬ್ಬಾಕೆ ನಗು ತಡೆಯಲಾರದೆ ಬಿಸಿನೀರಿಗೆ ಹಾಕಿ ಬಿಡಿಸಿಕೊಟ್ಟರು. ಆವತ್ತಿನಿಂದ ಅಮ್ಮ ಆ ಗುಂಪಿನವಳಾದಳು.

ಆ ಗುಂಪು ಎಂದರೆ ಬಿಸಿಲಿನ ಗುಂಪು. ಚಳಿಗಾಲದಲ್ಲಿ ಗಂಡಸರು ಆಫೀಸಿಗೆ ಹೋದೊಡನೆ ಕ್ವಾರ್ಟರ್ಸಿನ ಹುಲ್ಲಿನ ಮೇಲೆ ಮಂಚ, ಚಾಪೆ, ಮೋಡಾ ಎನ್ನುವ ಬೆತ್ತದ ಪೀಠಗಳು ಬೀಳುತ್ತಿದ್ದವು. ಬಿಸಿಲು ಸರಿದ ಹಾಗೆ ಮಂಚಗಳೂ ಸರಿಯುತ್ತಿದ್ದವು. ಕಡಲೆಕಾಯಿ ಸಿಪ್ಪೆ, ಕಿತ್ತಳೆ ಸಿಪ್ಪೆ, ಮಾತು, ಮತ್ತು ಉಲ್ಲನ್. ಅಲ್ಲಿ ಒಂದು ಪದ್ಧತಿ ಇತ್ತು. ಸ್ವೆಟರ್ ಅರ್ಧ ಆದಾಗ ಅಳತೆ ನೋಡಬೇಕಲ್ಲ, ಆದರೆ ಯಾರಿಗಾಗಿ ಹೆಣೆಯುತ್ತಿದ್ದಾರೋ ಅವನು ಶಾಲೆಯಲ್ಲೋ ಪಲ್ಟನ್ನಿನಲ್ಲೋ ಇರುತ್ತಾನೆ. ಆಗ ದಾರಿಯಲ್ಲಿ ಹೋಗುವ ಅದೇ ಗಾತ್ರದ ಯಾರನ್ನಾದರೂ ಕೂಗುವುದು. "ಏ ಬೇಟಾ, ಇಧರ್ ಆ. ಘೂಮ್ ಜಾ." ನೀವು ತಿರುಗಿ ನಿಲ್ಲಬೇಕು. ಬೆನ್ನಿಗೆ ಸೂಜಿಸಮೇತ ಸ್ವೆಟರ್ ಇಟ್ಟು ನೋಡಿ, ಬೆನ್ನಿಗೊಂದು ತಟ್ಟಿ ಕಳಿಸುತ್ತಿದ್ದರು. ನನ್ನ ಬೆನ್ನು ಬಹಳ ಬೇಡಿಕೆಯಲ್ಲಿತ್ತು. ಅತ್ಯಂತ ಸಾಧಾರಣ ಬೆನ್ನು ಎಂಬುದೇ ಅದರ ಹೆಚ್ಚುಗಾರಿಕೆ.

ಇನ್ನೊಂದು ಪದ್ಧತಿ, ಅಳತೆ ಎಷ್ಟೇ ಬರಲಿ, ಅದಕ್ಕೆ ಎರಡಿಂಚು ಸೇರಿಸುವುದು. ಅಮ್ಮ ಇದನ್ನು ವೇದವಾಕ್ಯದಂತೆ ಕಲಿತುಬಿಟ್ಟಳು. "ಬೆಳೆಯೋ ಮಕ್ಕಳಿಗೆ ಎರಡಿಂಚು ಜಾಸ್ತಿ ಹಾಕಬೇಕಪ್ಪಾ" ಅನ್ನುತ್ತಿದ್ದಳು. ನನ್ನ ಬಾಲ್ಯದಲ್ಲಿ ನನ್ನ ಅಂಗೈಗಳನ್ನು ಯಾರೂ ನೋಡಿಲ್ಲ, ಸದಾ ತೋಳಿನೊಳಗೇ ಇರುತ್ತಿದ್ದವು. ಆ ಎರಡಿಂಚಿಗೆ ನಾನು ತಲುಪುವ ಹೊತ್ತಿಗೆ ಮೊಣಕೈ ಹರಿದಿರುತ್ತಿತ್ತು. ಆಗ ಅದನ್ನು ಬಿಚ್ಚಿ, ಕೆಟಲಿನ ಆವಿಗೆ ಹಿಡಿದು ದಾರದ ಸುಕ್ಕು ಬಿಡಿಸಿ, ಮತ್ತೆ ಹೊಸದು, ಮತ್ತೆ ಎರಡಿಂಚು ಜಾಸ್ತಿ. ನನ್ನ ಗಾತ್ರದ ಬಟ್ಟೆ ನಾನು ಮೊದಲು ಹಾಕಿಕೊಂಡದ್ದು ನನ್ನ ಮದುವೆಯಲ್ಲಿ.

ನಾನು ಕಡ್ಡಿ ಹಿಡಿದದ್ದು ಕಾಮಾಲೆಯ ದೆಸೆಯಿಂದ. ಆರನೇ ಕ್ಲಾಸಿನ ಚಳಿಗಾಲ, ಎರಡು ತಿಂಗಳು ಓಡಬಾರದು ಕುಣಿಯಬಾರದು ಎಂದು ಅಪ್ಪಣೆ. ಬಿಸಿಲಿನ ಗುಂಪಿನ ನಡುವೆ ನನ್ನನ್ನು ಕೂರಿಸಿ, ಕೈಕಾಲು ಸುಮ್ಮನಿರಲೆಂದು ಅಮ್ಮ ಕೊಕ್ಕೆ ಕೊಟ್ಟಳು. ಮೊದಲು ಸರಪಳಿ, ಅಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತ ಹೋಗುವುದು. ಆಮೇಲೆ ಕುಣಿಕೆಯನ್ನು ಉದ್ದಕ್ಕೆ ಎಳೆದು ಆ ಸರಪಳಿಯ ಮೇಲೆ ಕಂಬ ನಿಲ್ಲಿಸುವುದು. ಇಷ್ಟೇ ವಿದ್ಯೆ, ಮಿಕ್ಕದ್ದೆಲ್ಲ ಇವೆರಡರ ಸಂಸಾರ. ಅಮ್ಮನದು ಬಿಗಿ ಕೈ. ಅವಳು ಹೆಣೆದ ಚೊಂಬಿನ ಮುಚ್ಚಳದಲ್ಲಿ ನೀರು ತರಬಹುದಿತ್ತು. ನನ್ನದು ಸಡಿಲ ಕೈ. ಅಕ್ಷರ ಸಡಿಲ, ಶೂ ಲೇಸು ಸಡಿಲ, ಹಿಡಿದ ಲೋಟ ಜಾರುತ್ತಿತ್ತು. ನನ್ನ ಹೆಣಿಗೆಯನ್ನು ಬಿಸಿಲಿಗೆ ಹಿಡಿದು ನೋಡಿ ಅಮ್ಮ, "ಇದೇನೋ, ಬರೀ ತೂತು ಹೆಣೀತೀಯಲ್ಲೋ. ತೂತಿಗೆ ದಾರ ಯಾಕೋ ಬೇಕು?" ಅಂದಳು. ಹಾಗನ್ನುತ್ತಲೇ ಅದನ್ನು ಜೋಪಾನವಾಗಿ ಮಡಚಿ ಇಟ್ಟುಕೊಂಡಳು.

ಕಾಮಾಲೆ ವಾಸಿಯಾಯಿತು. ಕ್ರಿಕೆಟ್ಟು ವಾಪಸು ಬಂತು, ಕೊಕ್ಕೆ ಕೈಬಿಟ್ಟಿತು. ಆಮೇಲೆ ನಾನೂ ಸರ್ಕಾರಿ ನೌಕರನಾದೆ. ಆಫೀಸಿನ ಹುಲ್ಲಿನ ಮೇಲೂ ಮಧ್ಯಾಹ್ನ ಅದೇ ಬಿಸಿಲಿನ ಗುಂಪು. ನಾನು ದೂರ ಕೂತು ಪೇಪರು ಓದುವ ನಾಟಕ ಮಾಡುತ್ತಿದ್ದೆ. ಒಂದು ದಿನ ತಡೆಯಲಾರದೆ ಒಬ್ಬಾಕೆಗೆ, "ಮೇಡಂ, ಕೆಳಗಿಂದ ಮೂರನೇ ಸಾಲಲ್ಲಿ ಒಂದು ಕುಣಿಕೆ ಬಿಟ್ಟುಹೋಗಿದೆ" ಎಂದುಬಿಟ್ಟೆ. ಆಕೆ ಎಣಿಸಿ ನೋಡಿ ತಲೆ ಎತ್ತಿದರು. ಆಮೇಲೆ ರಿಟೈರಾಗುವವರೆಗೂ ನನ್ನ ಮೇಜಿಗೆ ಫೈಲಿಗಿಂತ ಹೆಚ್ಚು ಸ್ವೆಟರುಗಳು ಬಂದವು. ನೋಡಿ ತಪ್ಪು ಹೇಳುತ್ತಿದ್ದೆ, ಸ್ವತಃ ಕೈ ಹಚ್ಚಲಿಲ್ಲ. ನಾಚಿಕೆ, ಇನ್ನೇನು.

ಈಗ ಮಗಳ ಪ್ರವೇಶ. ಅನು ಮಾನೇಸರಿನ ಕಾರಿನ ಭಾಗಗಳ ಕಾರ್ಖಾನೆಯೊಂದರಲ್ಲಿ ಇಂಜಿನಿಯರು, ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಆ ಭಾನುವಾರ ಸಂಜೆ ಅಮ್ಮನಿಗೆಂದು ಒಂದು ಉಬ್ಬುಬ್ಬು ಜಾಕೆಟ್ ತಂದಿದ್ದಳು. "ಅಮ್ಮಾ, ಪೆಹನ್ ಕೇ ತೋ ದೇಖೋ. ಇಟ್ಸ್ ಸೋ ಲೈಟ್!" ಗಿರಿಜೆ ಹಾಕಿಕೊಂಡಳು. ಜಾಕೆಟ್ ಒಂದು ಕಡೆ, ಅವಳೊಂದು ಕಡೆ. ಕಾಲರಿನೊಳಗಿಂದ ಪುಟ್ಟ ಮುಖ ಇಣುಕುತ್ತಿತ್ತು. ನಗುತ್ತಲೇ ಕಳಚಿ, "ಬೇಡಮ್ಮಾ, ನೀನೇ ಹಾಕ್ಕೋ. ನನಗ್ಯಾಕೆ ಇನ್ನು" ಅಂದು ಒಳಗೆ ಹೋದಳು.

ಅನು ನನ್ನನ್ನು ಬಾಲ್ಕನಿಗೆ ಎಳೆದಳು. ಅವಳ ಕಣ್ಣು ಒದ್ದೆಯಾಗಿತ್ತು, ಆದರೆ ಇಂಜಿನಿಯರಲ್ಲವೇ, ಪರಿಹಾರವನ್ನೇ ಮಾತಾಡಿದಳು. "ಅಪ್ಪಾ, ಅಮ್ಮಂಗೆ ಹೆವಿ ಏನೂ ಆಗಲ್ಲ. ಲೇಯರಿಂಗ್ ಮಾಡ್ಬೇಕು. ಏಕ್ ಮೋಟಾ ನಹೀ, ತೀನ್ ಪತ್ಲೇ. ಒಳಗೆ ಥರ್ಮಲ್, ಮೇಲೆ ಏನಾದ್ರೂ ಲೈಟ್, ಅದರ ಮೇಲೆ ಶಾಲ್. ಬೀಚ್ ಮೇ ಗಾಳಿ ಫಸ್ತಿ ಹೈ ನಾ, ಅದೇ ವಾರ್ಮ್ ಇಡತ್ತೆ."

ಒಂದು ದಪ್ಪನೆಯದರ ಬದಲು ಮೂರು ತೆಳ್ಳನೆಯವು, ನಡುವೆ ಗಾಳಿ; ಮೂರು ಭಾಷೆಯ ಆ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮಮ್ಮ ನಮ್ಮನ್ನು ಈರುಳ್ಳಿಯ ಹಾಗೆ ಸುತ್ತಿ ಶಾಲೆಗೆ ಕಳಿಸುತ್ತಿದ್ದದ್ದಕ್ಕೆ ಈಗ ಇಂಗ್ಲಿಷ್ ಹೆಸರು ಬಂದಿದೆ, ಅಷ್ಟೇ. ಆದರೆ ಗಾಳಿ ಸಿಕ್ಕಿಕೊಂಡರೆ ಬೆಚ್ಚಗೆ ಎಂಬುದು ತಲೆಯಲ್ಲಿ ಕೂತಿತು. ಗಾಳಿ ಸಿಕ್ಕಿಕೊಳ್ಳುವುದು ತೂತಿನಲ್ಲಿ. ತೂತು ಹೆಣೆಯುವುದಕ್ಕೆ ಬೇಕಾದದ್ದು ಸಡಿಲ ಕೈ. ಭೂಮಿಯ ಮೇಲೆ ನನ್ನ ಕೈಗೆ ಇರುವ ಒಂದೇ ಒಂದು ಅರ್ಹತೆ ಅದು. ಜೇಬಿನಲ್ಲಿ ಕನ್ನಡಕದ ಡಬ್ಬಿ ಇತ್ತು. ಮುಟ್ಟಿ ನೋಡಿಕೊಂಡೆ.

ಗಿರಿಜೆಗೆ ಹೇಳಲಿಲ್ಲ. ಹೇಳಿದರೆ ಅವಳು ಏನನ್ನುತ್ತಾಳೆಂದು ನಿಮಗೂ ಗೊತ್ತು, ಆ ಮಾತನ್ನು ಮತ್ತೊಮ್ಮೆ ಕೇಳುವ ಧೈರ್ಯ ನನಗಿರಲಿಲ್ಲ. ಮೆಟ್ರೋ ಹತ್ತಿ ದೊಡ್ಡ ಮಾರುಕಟ್ಟೆಗೆ ಹೋದೆ. ಸ್ಟೇಷನ್ನಿನ ತಪಾಸಣೆಯವನು ಡಬ್ಬಿ ತೆರೆದು ಕೊಕ್ಕೆಯನ್ನು ಎರಡು ಬೆರಳಲ್ಲಿ ಎತ್ತಿ, "ಯೇ ಕ್ಯಾ ಹೈ ಅಂಕಲ್?" ಅಂದ. ಕ್ರೋಶಿಯಾ ಅಂದೆ. ನನ್ನ ಮೀಸೆ ನೋಡಿದ, ಕೊಕ್ಕೆ ನೋಡಿದ. ನಾನು ಗಾಳಿಯಲ್ಲೇ ಎರಡು ಕುಣಿಕೆ ಎಳೆದು ತೋರಿಸಿದೆ. ಹಿಂದಿನ ಸಾಲಿನಲ್ಲಿ ನಗು. "ಚಲೋ ಚಲೋ ಅಂಕಲ್, ಲೈನ್ ಲಂಬೀ ಹೈ" ಎಂದು ಉದ್ದ ಸಾಲಿಗೆ ಹೆದರಿ ಒಳಗೆ ಬಿಟ್ಟ. ಅಂಗಡಿಯಲ್ಲಿ ಇದ್ದುದರಲ್ಲೇ ತೆಳ್ಳನೆಯ ಉಣ್ಣೆ ದಾರ ಕೇಳಿದೆ, ಹಾಗಲದ ಹೂವಿನ ಹಳದಿ ಬಣ್ಣ. ಗಿರಿಜೆ ತಾನು ಕಪ್ಪೆಂದು ಹಳದಿ ಉಡುವುದಿಲ್ಲ. ನನಗೆ ಅವಳ ಮೇಲೆ ಹಳದಿ ನೋಡುವ ಆಸೆ ಮೂವತ್ತನಾಲ್ಕು ವರ್ಷದ್ದು.

ಹೆಣೆಯಲು ಕೂತದ್ದು ನಮ್ಮ ಬ್ಲಾಕಿನ ಪಾರ್ಕಿನಲ್ಲಿ, ವಾಕಿಂಗ್ ಹೆಸರಿನಲ್ಲಿ. ಅಲ್ಲಿಯ ಬಿಸಿಲಿನ ಗುಂಪಿಗೆ ಕಮಲೇಶ್‌ಜಿ ಯಜಮಾನಿ. ಕಮಲೇಶ್ ಎಂದರೆ ನಮ್ಮ ಕಡೆ ಗಂಡಸೆಂದುಕೊಳ್ಳುತ್ತಾರೆ, ಇಲ್ಲಿ ಹೆಂಗಸರಿಗೂ ಇಡುತ್ತಾರೆ. ಕೆಳಗಿನ ಮಹಡಿಯಲ್ಲಿರುವ, ಇಪ್ಪತ್ತು ವರ್ಷದಿಂದ ಗಿರಿಜೆಗೆ ಗೆಳತಿಯಾದವರು. ನನ್ನನ್ನು ಕಡ್ಡಿಸಮೇತ ಕಂಡು ಒಂದು ಕ್ಷಣ ಬಾಯಿ ತೆರೆದರು, ಮರುಕ್ಷಣ ಚಾಪೆಯಲ್ಲಿ ಜಾಗ ಬಿಟ್ಟರು. "ಆಯಿಯೇ ಭಾಯಿಸಾಬ್." ಐವತ್ತು ವರ್ಷದ ನಂತರ ನಾನು ಮತ್ತೆ ನನ್ನ ಗುಂಪಿಗೆ ಸೇರಿದೆ.

ಮೊದಲೆರಡು ದಿನ ಬೆರಳು ಮಾತು ಕೇಳಲಿಲ್ಲ. ಮೂರನೆಯ ದಿನ ತಾನಾಗಿ ನೆನಪಾಯಿತು. ಕತ್ತಿನ ಹಿಂದೆ ಬರುವ ನಾಲ್ಕು ಕುಣಿಕೆಯಿಂದ ಶುರು, ಪ್ರತಿ ಸಾಲಿಗೂ ಎರಡೂ ಬದಿ ಬೆಳೆಯುತ್ತ ತ್ರಿಕೋನವಾಗಿ ಇಳಿಯುವ ಶಾಲು. ಒಂದು ಕಂಬ, ಎರಡು ಸರಪಳಿ, ಒಂದು ತೂತು. ಬಿಸಿಲಿಗೆ ಹಿಡಿದರೆ ಆಚೆಯ ಬೇವಿನ ಮರ ಪೂರ್ತಿ ಕಾಣುತ್ತಿತ್ತು. ಎಷ್ಟು ದೊಡ್ಡದಾಗಬೇಕೆಂದು ನನಗೆ ಖಾತ್ರಿ ಇತ್ತು. ಹೆಂಡತಿಯ ಹೆಗಲು ಗಂಡನಿಗೆ ಗೊತ್ತಿರುವುದಿಲ್ಲವೇ? ಆದರೂ ಹಳೆಯ ಪದ್ಧತಿ, ಅಳತೆ ನೋಡದೆ ಮುಗಿಸಬಾರದು. ಗಿರಿಜೆ ಮತ್ತು ಕಮಲೇಶ್‌ಜಿ ಒಂದೇ ಗಾತ್ರ. ಒಬ್ಬರ ರವಿಕೆ ಇನ್ನೊಬ್ಬರು ತೊಟ್ಟು ಮದುವೆಗಳಿಗೆ ಹೋಗಿದ್ದಾರೆ. "ಕಮಲೇಶ್‌ಜಿ, ಜರಾ ಘೂಮ್ ಜಾಯಿಯೇ" ಅಂದೆ.

ಅವರು ತಿರುಗಿ ನಿಂತರು. ಹೆಗಲ ಮೇಲೆ ಹಾಸಿದೆ. ಎರಡೂ ತುದಿ ಮುಂದೆ ಬಂದು ಎದೆಯ ಮೇಲೆ ಸರಿಯಾಗಿ ಕೂಡಿದವು. ಅಚ್ಚುಕಟ್ಟು. ನಾನು ಹಿಗ್ಗಿದೆ. ಅವರು ಶಾಲಿನ ಅಂಚನ್ನು ಸವರುತ್ತ, ನನ್ನ ಕಡೆ ತಿರುಗದೆಯೇ ಕೇಳಿದರು. "ಭಾಯಿಸಾಬ್, ಯೇ ನಾಪ್ ಕಬ್ ಕಾ ಹೈ?"

ಈ ಅಳತೆ ಯಾವಾಗಿನದು ಎಂದು.  ಅವರೇ ಮೆಲ್ಲಗೆ, "ಗಿರಿಜಾ ತೋ ಅಬ್ ಆಧೀ ರಹ್ ಗಯೀ ಹೈ" ಅಂದರು, ಈಗ ಅರ್ಧ ಉಳಿದಿದ್ದಾಳೆ ಎಂದು.

ದಿನಾ ನೋಡುತ್ತಿದ್ದೆ. ಕೈಹಿಡಿದು ಎಬ್ಬಿಸುತ್ತಿದ್ದೆ, ಕೂರಿಸುತ್ತಿದ್ದೆ. ಆ ತೋಳು ಎಷ್ಟು ಸಣ್ಣಗಾಗಿದೆ ಎಂದು ನನ್ನ ಈ ಕೈಗೇ ಗೊತ್ತಿತ್ತು. ಆದರೂ ಅದೇ ಕೈ ಹೋದ ವರ್ಷದ ಗಿರಿಜೆಗೆ ಶಾಲು ಹೆಣೆಯುತ್ತಿತ್ತು. ಬಿಚ್ಚುವುದೇನೂ ಕಷ್ಟವಲ್ಲ. ಇಂಥ ಶಾಲಿನಲ್ಲಿ ಕೊನೆಯ ಎಂಟು ಹತ್ತು ಸಾಲು ಎಳೆದುಬಿಟ್ಟರೆ ಅಷ್ಟು ಚಿಕ್ಕದಾಗುತ್ತದೆ. ದಾರದ ತುದಿ ಹಿಡಿದು ಕೂತೆ, ಎಳೆಯಲು ಮನಸ್ಸು ಬರಲಿಲ್ಲ. ಒಗೆದರೆ ಉಣ್ಣೆ ಕುಗ್ಗುತ್ತದೆ, ಆಗ ಸರಿಹೋಗುತ್ತದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಅಂಚು ಕಟ್ಟಿ ಮುಗಿಸಿದೆ.

ಹೆಣೆದ ಶಾಲನ್ನು ಒದ್ದೆ ಮಾಡಿ, ಎಳೆದು ಗುಂಡುಸೂಜಿ ಚುಚ್ಚಿ ಒಣಗಿಸಬೇಕು. ಆಗಲೇ ತೂತುಗಳು ಕಣ್ಣುಬಿಡುವುದು. ಗಂಜಿಯ ಬದಲು ಬರೀ ನೀರು, ಬಳ್ಳಾರಿಯಿಂದ ನಮ್ಮ ವಂಶ ಇಷ್ಟು ಮುಂದೆ ಬಂದಿದೆ. ಗಿರಿಜೆ ಮಧ್ಯಾಹ್ನ ಮಲಗಿದ್ದಾಗ ಅನುವಿನ ಕೋಣೆಯ ಹಾಸಿಗೆಯ ಮೇಲೆ ಚುಚ್ಚಿದೆ. ಉಣ್ಣೆ ಕುಗ್ಗಲಿಲ್ಲ. ನೀರು ಕುಡಿದು, ಮೈ ಸಡಿಲಿಸಿ, ಎಳೆದಷ್ಟೂ ಬಂತು. ಹಾಸಿಗೆಯ ಈ ಅಂಚಿನಿಂದ ಆ ಅಂಚಿಗೆ ಹಳದಿಯೋ ಹಳದಿ. ಅರವತ್ತೆರಡು ವಯಸ್ಸಿನ ನಾನು ಅದರ ಮುಂದೆ ಸೊಂಟಕ್ಕೆ ಕೈಕೊಟ್ಟು ಪೆಚ್ಚಾಗಿ ನಿಂತಿದ್ದೆ.

"ಏನ್ರೀ ಇದು?"

ಬಾಗಿಲಲ್ಲಿ ಗಿರಿಜೆ.  ಅವಳು ಬಂದು ಹಾಸಿಗೆಯ ಸುತ್ತ ಒಂದು ಸುತ್ತು ಹಾಕಿದಳು, ದೇವರ ಪ್ರದಕ್ಷಿಣೆಯಷ್ಟು ನಿಧಾನವಾಗಿ. ಒಂದು ತೂತಿನೊಳಗೆ ಕಿರುಬೆರಳು ತೂರಿಸಿ ನೋಡಿದಳು.

"ನೀವು ಮಾಡಿದ್ದಾ? ಯಾವಾಗ?"

"ವಾಕಿಂಗ್‌ಗೆ ಹೋಗಿದ್ದಾಗ."

"ಅದಕ್ಕೇ ಅಷ್ಟು ವಾಕಿಂಗ್ ಮಾಡಿದ್ರೂ ಹೊಟ್ಟೆ ಕರಗಿಲ್ಲ" ಅಂದಳು. ಎಷ್ಟೋ ತಿಂಗಳ ನಂತರ ಅವಳು ನನ್ನನ್ನು ಗೇಲಿ ಮಾಡಿದ್ದು. ನಾನು ಅಳುತ್ತಿದ್ದೆನೋ ಏನೋ, ನೆನಪಿಲ್ಲ.

ಒಣಗಿದ ಮೇಲೆ ಸೂಜಿ ಕಿತ್ತು ಅವಳೇ ಅದನ್ನು ಅಡುಗೆಮನೆಗೆ ಒಯ್ದು ತಕ್ಕಡಿಯ ಮೇಲಿಟ್ಟಳು. ಅನು ಕೇಕು ಮಾಡಲು ತಂದಿಟ್ಟ ತಕ್ಕಡಿ. ಒಂದು ಎಳೆ ಸೌತೆಕಾಯಿಯಷ್ಟೂ ತೂಗಲಿಲ್ಲ. ಬಾಲ್ಕನಿಯ ಬಿಸಿಲಿಗೆ ಬಂದು ಹೊದ್ದಳು. ನಾನು ಹೆದರುತ್ತಿದ್ದದ್ದೇ ಆಯಿತು. ತುದಿಗಳು ಎದೆಯ ಮೇಲೆ ಕೂಡಲಿಲ್ಲ, ದಾಟಿ, ಪಕ್ಕೆ ಬಳಸಿ, ಬೆನ್ನಿಗೆ ಹೋದವು. ಹಿಂದೆ ಮೂಲೆ ಮೊಣಕಾಲಿನ ಹತ್ತಿರ ಇತ್ತು. ಹೋದ ವರ್ಷದ ಗಿರಿಜೆಯ ಶಾಲಿನಲ್ಲಿ ಈ ವರ್ಷದ ಗಿರಿಜೆ ನಿಂತಿದ್ದಳು, ಎಷ್ಟು ಹೋಗಿದೆ ಎನ್ನುವುದು ಅಂಗೈಯಷ್ಟು ಸ್ಪಷ್ಟವಾಗಿ ಇಬ್ಬರಿಗೂ ಕಾಣುತ್ತಿತ್ತು. ನಾನು ಮಾಡಬಾರದ್ದನ್ನು ಮಾಡಿದೆ ಅನ್ನಿಸಿತು.

"ಅಳತೆ ತಪ್ಪಿತು ಗಿರಿಜಾ" ಅಂದೆ. "ಕೊಡು ಇಲ್ಲಿ, ಹತ್ತು ಸಾಲು ಬಿಚ್ಚಿದರೆ ಸರಿಹೋಗುತ್ತೆ. ಅರ್ಧ ಗಂಟೆಯ ಕೆಲಸ." ಅವಳ ಹೊಲಿಗೆ ಬುಟ್ಟಿಯಿಂದ ಕತ್ತರಿ ಎತ್ತಿಕೊಂಡೆ, ಕೊನೆಯ ಗಂಟು ಕತ್ತರಿಸಲು.

ಅವಳು ಶಾಲನ್ನು ಎರಡು ಕೈಯಿಂದ ಹಿಡಿದುಕೊಂಡಳು. ಮತ್ತೊಂದು ಸುತ್ತು ಸುತ್ತಿಕೊಂಡಳು. ತೂತಿನ ಮೇಲೆ ತೂತು ಬಂದು ಹಳದಿ ಗಾಢವಾಯಿತು.

"ಬಿಚ್ಚಬೇಡಿ" ಅಂದಳು. "ಅತ್ತೆ ಹೇಳ್ತಿದ್ರಲ್ಲ, ಬೆಳೆಯೋ ಮಕ್ಕಳಿಗೆ ಎರಡಿಂಚು ಜಾಸ್ತಿ ಹಾಕಬೇಕು ಅಂತ. ಇರಲಿ ಬಿಡಿ."

ಆಮೇಲೆ ಕೂತು ಆವತ್ತಿನ ರವಿಕೆ ಎತ್ತಿಕೊಂಡಳು. ದಾವಣಗೆರೆಯ ತಮ್ಮ ಕೊಡಿಸಿದ ಹಸಿರು ರೇಷ್ಮೆಯದು. ಎರಡೂ ಬದಿ ಹೊಲಿಗೆ ಹಾಕಿದಳು. ನಾನು ಪಕ್ಕದಲ್ಲಿ ಕತ್ತರಿ ಹಿಡಿದೇ ಕೂತಿದ್ದೆ. ಹೊಲಿಗೆ ಮುಗಿಯಿತು. ಕೇಳುತ್ತಾಳೆಂದು ಕತ್ತರಿ ಮುಂದೆ ಚಾಚಿದೆ.

"ಬೇಡ ರೀ" ಅಂದಳು. ಉಳಿದ ಬಟ್ಟೆಯನ್ನು ಒಳಕ್ಕೆ ಮಡಚಿ ಬೆರಳಿನಿಂದ ಒತ್ತಿ, ದಾರವನ್ನು ಹಲ್ಲಿನಿಂದ ಕಡಿದಳು.